ಶಬ್ದ ಬರುವ ಮೊದಲೇ ನೋಡಬೇಕು

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದ ಸಂದರ್ಭದಲ್ಲಿ ಯಲ್ದೂರಿನಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ವಿದ್ಯೆಯ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಆ ಮಾತನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಇವತ್ತು ನನ್ನ ಹಳೆಯ ಮಾರುತಿ 800 ಕಾರಿನ ಒಂದು ರಬ್ಬರ್ ಚೀಲದ ಕಥೆ ಹೇಳುತ್ತೇನೆ. ಇಲ್ಲಿ ಕುಳಿತಿರುವ ಹಲವರ ಮನೆಯಲ್ಲಿ ಸಣ್ಣ ಕಾರಿದೆ. ಕೆಲವರು ಅದನ್ನೇ ಬಾಡಿಗೆಗೆ ಓಡಿಸಿ ಸಂಸಾರ ನಡೆಸುತ್ತಿದ್ದೀರಿ. ಕೇಳಿದ ಮೇಲೆ ಮನೆಗೆ ಹೋಗಿ ಒಂದು ಸಲ ಚಕ್ರದ ಹಿಂದೆ ಬಗ್ಗಿ ನೋಡಿದರೆ ಸಾಕು, ನನ್ನ ಮಾತು ಸಾರ್ಥಕ.

ಕೆಲವು ವರ್ಷಗಳ ಹಿಂದೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಒಂದು ಬೆಳಿಗ್ಗೆ, ನಮ್ಮ ಹೋಬಳಿಯ ಹಳ್ಳಿಯೊಂದರಿಂದ ಇಬ್ಬರು ಹೆಣ್ಣುಮಕ್ಕಳನ್ನು ಶ್ರೀನಿವಾಸಪುರದ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೊರಟಿದ್ದೆ. ಅವತ್ತು ಗಣಿತ. ಮಾವಿನ ತೋಪಿನ ಪಕ್ಕದ ತಿರುವಿನಲ್ಲಿ ಎಡಗಡೆಯಿಂದ ಟಕಾರ್ ಎಂದಿತು. ಆಮೇಲೆ ಎಂಜಿನ್ ಕೂಗುತ್ತಿದೆ, ಗೇರ್ ಬಿದ್ದಿದೆ, ಗಾಡಿ ಮಾತ್ರ ಅಲುಗಲಿಲ್ಲ. ಮಕ್ಕಳು ಒಂದು ಮಾತೂ ಆಡಲಿಲ್ಲ. ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ಆ ನೋಟ ನನಗೆ ಇನ್ನೂ ಮರೆತಿಲ್ಲ. ಖಾಲಿ ಕ್ರೇಟು ತುಂಬಿಕೊಂಡು ಬಂದ ಟೆಂಪೊದವರೊಬ್ಬರು ಇಬ್ಬರನ್ನೂ ಮುಂದೆ ಕೂರಿಸಿಕೊಂಡು ಹೋದರು. ಗೇಟು ಹಾಕುವ ಮೊದಲು ಮಕ್ಕಳು ಒಳಗೆ ಹೋದರು. ಅವರ ಪುಣ್ಯ ಅದು, ನನ್ನ ಜಾಣತನ ಅಲ್ಲ.

ಆಗಿದ್ದೇನು? ಮಾರುತಿ 800, ಆಲ್ಟೊದಂಥ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಅದೇ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗಬೇಕು, ಗುಂಡಿ ಬಂದರೆ ಮೇಲೆ ಕೆಳಗೆ ಆಡಬೇಕು. ನೇರವಾದ ಒಂದು ಕಬ್ಬಿಣದ ಸರಳಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಪ್ರತಿ ಬದಿಯ ಆಕ್ಸಲ್‌ಗೆ ಎರಡು ಕೀಲು: ಗೇರ್‌ಬಾಕ್ಸ್ ಕಡೆ ಒಂದು, ಚಕ್ರದ ಕಡೆ ಒಂದು. ಚಕ್ರದ ಕಡೆಯ ಕೀಲಿನಲ್ಲಿ ಆರು ಉಕ್ಕಿನ ಗುಂಡುಗಳು ತೋಡುಗಳಲ್ಲಿ ಉರುಳುತ್ತವೆ. ಎಷ್ಟು ಬಗ್ಗಿದರೂ ವೇಗ ಏರುಪೇರಾಗದಂತೆ ತಿರುಗುವ ಈ ಕೀಲನ್ನು 1920ರ ದಶಕದಲ್ಲಿ ರೂಪಿಸಿದವರು ಆಲ್ಫ್ರೆಡ್ ರ್ಜೆಪ್ಪಾ ಎಂಬ ಎಂಜಿನಿಯರ್. 1959ರಲ್ಲಿ ಬ್ರಿಟನ್ನಿನ ಮಿನಿ ಕಾರು ಇದೇ ಬಗೆಯ ಕೀಲು ಬಳಸಿತು. 1983ರಲ್ಲಿ ಮಾರುತಿ 800 ಬಂದ ಮೇಲೆ ಈ ತಂತ್ರ ನಮ್ಮ ಊರುಗಳಲ್ಲೂ ಸಾಮಾನ್ಯವಾಯಿತು.

ಈ ಕೀಲಿಗೆ ಜೀವ ಅದರೊಳಗಿನ ಕಪ್ಪು ಗ್ರೀಸ್. ಆ ಗ್ರೀಸನ್ನು ಒಳಗೆ ಹಿಡಿದಿಡುವುದು, ಧೂಳು ನೀರನ್ನು ಹೊರಗೆ ತಡೆಯುವುದು ತಿದಿಯಂತೆ ಮಡಿಕೆ ಮಡಿಕೆಯಾಗಿರುವ ರಬ್ಬರ್ ಬೂಟು. ಕಾಲಕ್ರಮೇಣ ಮಡಿಕೆಯ ಬುಡದಲ್ಲಿ ಸೀಳು ಬಿಡುತ್ತದೆ. ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಚಿಮ್ಮುತ್ತದೆ. ನಮ್ಮ ಕೋಲಾರದ ಕೆಂಪು ಧೂಳು ಒಳಗೆ ಸೇರುತ್ತದೆ. ಆಮೇಲೆ ಗ್ರೀಸೇ ಅರೆಯುವ ಕಲ್ಲಾಗುತ್ತದೆ.

ನನ್ನ ಕಾರನ್ನು ನೋಡಲು ಬಂದವನು ನನ್ನದೇ ಹಳೆಯ ವಿದ್ಯಾರ್ಥಿ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವನು. ಚಕ್ರದ ಹಿಂದೆ ಕೈ ಹಾಕಿ, ಸ್ವಲ್ಪ ಗ್ರೀಸ್ ತೆಗೆದು ನನ್ನ ಹೆಬ್ಬೆರಳಿಗೆ ಹಚ್ಚಿ, "ಉಜ್ಜಿ ನೋಡಿ ಸಾರ್" ಎಂದ. ಮರಳು ಮರಳಾಗಿತ್ತು. "ಎಷ್ಟು ದಿನದಿಂದ ಶಬ್ದ ಬರ್ತಿತ್ತು?" ಎಂದು ಕೇಳಿದ. "ಈಗೀಗ" ಎಂದೆ. ಅದು ಸುಳ್ಳು. ತಿರುವಿನಲ್ಲಿ ಟಕ್ ಟಕ್ ಎನ್ನುವುದು ಶುರುವಾಗಿ ಎರಡು ತಿಂಗಳಾಗಿತ್ತು. ಅದಕ್ಕೂ ಮೊದಲು ಚಕ್ರದ ಒಳಬದಿಯಲ್ಲಿ ಕಪ್ಪು ಕಲೆ ಕಂಡು, ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಿದ್ದೆ.

ಅವನು ಅವತ್ತು ನನಗೆ ಹೇಳಿಕೊಟ್ಟ ಪಾಠ ನಿಮಗೂ ಹೇಳುತ್ತೇನೆ. ತಿಂಗಳಿಗೊಮ್ಮೆ ಗಾಡಿ ನಿಲ್ಲಿಸಿ ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ. ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿ. ಆಮೇಲೆ ಇನ್ನೊಂದು ಕಡೆ. ರಿಮ್ಮಿನ ಒಳಬದಿ, ಬ್ರೇಕು, ಕೆಳಗಿನ ಆರ್ಮ್ ಮೇಲೆ ಗ್ರೀಸ್ ಚಿಮ್ಮಿದ್ದರೆ ಬೂಟು ಹರಿದಿದೆ ಎಂದೇ ಅರ್ಥ. ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ, ಸೀಳು ಅಲ್ಲೇ ಅಡಗಿರುತ್ತದೆ. ಕ್ಲಾಂಪ್ ಸಡಿಲವಾಗಿದೆಯೇ ನೋಡಿ. ಪೂರ್ತಿ ತಿರುಗಿಸಿ ನಿಧಾನವಾಗಿ ಮುಂದೆ ಹೋದಾಗ ಟಕ್ ಟಕ್ ಬಂದರೆ ಚಕ್ರದ ಕಡೆಯ ಕೀಲು ಸವೆದಿದೆ. ನೇರ ಓಟದಲ್ಲಿ ಆಕ್ಸಿಲರೇಟರ್ ಒತ್ತಿದಾಗ ನಡುಗಿದರೆ ಒಳಗಿನ ಕೀಲಿನ ಮೇಲೂ ಅನುಮಾನ ಪಡಬೇಕು.

ಹರಿದಿದ್ದರೂ ಶಬ್ದ ಇನ್ನೂ ಬಂದಿಲ್ಲ, ಗ್ರೀಸಿನಲ್ಲಿ ಮರಳಿಲ್ಲ ಎಂದಾದರೆ ನೀವು ಅದೃಷ್ಟವಂತರು. ಬೂಟು, ಗ್ರೀಸ್, ಎರಡು ಕ್ಲಾಂಪ್: ಕೆಲವು ನೂರು ರೂಪಾಯಿಯ ಸಾಮಾನು. ಶಬ್ದ ಬಂದ ಮೇಲೆ ಹೊಸ ಬೂಟು ಹಾಕಿಸಿದರೆ ಪ್ರಯೋಜನವಿಲ್ಲ, ಸವೆದ ತೋಡು ತುಂಬಿಕೊಳ್ಳುವುದಿಲ್ಲ. ಆಗ ಕೀಲನ್ನೇ ಅಥವಾ ಇಡೀ ಆಕ್ಸಲ್ಲನ್ನೇ ಬದಲಿಸಬೇಕು, ಲೆಕ್ಕ ಸಾವಿರಗಳಿಗೆ ಹೋಗುತ್ತದೆ.

ರಿಪೇರಿ ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಆಕ್ಸಲ್ ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸುತ್ತಾರೆ. ಬರೀ ಜಾಕ್ ನಂಬಿ ಯಾರನ್ನೂ ಗಾಡಿ ಕೆಳಗೆ ಬಿಡಬೇಡಿ, ಸ್ಟ್ಯಾಂಡ್ ಇರಲೇಬೇಕು. ಶಾಫ್ಟ್ ಹೊರಗೆ ಎಳೆದರೆ ಗೇರ್ ಆಯಿಲ್ ಸೋರುತ್ತದೆ, ಕೊನೆಗೆ ಮಟ್ಟ ನೋಡಿ ತುಂಬಿಸಬೇಕು. ಹಳೆಯ ಗ್ರೀಸನ್ನು ಪೂರ್ತಿ ಒರೆಸಿ ಗುಂಡು, ತೋಡು ಪರೀಕ್ಷಿಸಬೇಕು. ಹಾಕುವುದು ಸಿವಿ ಜಾಯಿಂಟಿಗೆ ಎಂದೇ ಬರುವ ಗ್ರೀಸ್, ಸಾಮಾನ್ಯ ಗ್ರೀಸ್ ಅಲ್ಲ. ಕ್ಲಾಂಪ್ ಬಿಗಿಯುವ ಮೊದಲು ಬೂಟಿನೊಳಗೆ ಸಿಕ್ಕಿದ ಗಾಳಿ ಬಿಡಬೇಕು, ಮಡಿಕೆ ತಿರುಚಿರಬಾರದು. ಸೈಕಲ್ ಟ್ಯೂಬ್ ಸುತ್ತಿ ತಂತಿ ಕಟ್ಟುವುದು ರಿಪೇರಿಯಲ್ಲ, ನಾಲ್ಕು ದಿನದ ಸಮಾಧಾನ.

ಅವತ್ತು ರಸ್ತೆಬದಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದೆ. "ಬಲಗಡೆ ಆಕ್ಸಲ್ ಚೆನ್ನಾಗಿದೆಯಲ್ಲ, ಒಂದು ಚಕ್ರದಿಂದಲಾದರೂ ಗಾಡಿ ಯಾಕೆ ಹೋಗಲಿಲ್ಲ?" ಎಂದೆ. ಅವನು ಮಣ್ಣಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದು ಡಿಫರೆನ್ಷಿಯಲ್ ವಿವರಿಸಿದ. ಒಂದು ಕಡೆ ತುಂಡಾದರೆ ತಿರುಗುವುದೆಲ್ಲ ಆ ಖಾಲಿ ಕಡೆಗೇ ಹೋಗುತ್ತದೆ, ಒಳ್ಳೆಯ ಚಕ್ರ ಸುಮ್ಮನೆ ನಿಲ್ಲುತ್ತದೆ. ಬಿ.ಎಡ್. ಮಾಡಿದ ನಾನು ಅಷ್ಟು ಚೆನ್ನಾಗಿ ಯಾವ ಪಾಠವನ್ನೂ ಮಾಡಿಲ್ಲ.

"ಐಟಿಐ ಮಾಡಬೇಕಿತ್ತಲ್ಲಪ್ಪ" ಎಂದುಬಿಟ್ಟೆ. "ಮೋಟಾರ್ ಮೆಕ್ಯಾನಿಕ್‌ಗೆ ಹತ್ತನೇ ಕ್ಲಾಸ್ ಪಾಸಾಗಿರಬೇಕು ಸಾರ್" ಎಂದು ನಕ್ಕ. ಆ ನಗು ನನಗೆ ಚುಚ್ಚಿತು. ಅವನು ಶಾಲೆ ಬಿಟ್ಟ ವರ್ಷ ನನಗೆ ನೆನಪಿದೆ. ಮಾವಿನ ಕೊಯ್ಲಿಗೆಂದು ಮೊದಲು ಎರಡು ದಿನ ಬರಲಿಲ್ಲ, ಆಮೇಲೆ ವಾರ ಬರಲಿಲ್ಲ. ಮಳೆಗಾಲದ ಹೊತ್ತಿಗೆ ಬರುವುದೇ ನಿಂತಿತು. ಪ್ರತಿದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರು ಎಂದು ಗುರುತು ಹಾಕಿದವನು ನಾನೇ. ಮನೆಗೆ ಹೋಗಿ ಏನಾಯಿತೆಂದು ಕೇಳಲಿಲ್ಲ. ಕಪ್ಪು ಕಲೆ ಕಂಡು ಒರೆಸಿಬಿಟ್ಟೆ, ಅಷ್ಟೇ.

ಇವತ್ತು ಅವನು ಒಳ್ಳೆಯ ಕೆಲಸಗಾರ, ಮರ್ಯಾದೆಯಿಂದ ದುಡಿಯುತ್ತಾನೆ. ಕಳೆದ ವರ್ಷ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದ. ಎರಡು ವಿಷಯ ಉಳಿದಿವೆ. ಸಂಜೆ ಗಾಡಿ ಕೆಲಸ ಮುಗಿಸಿ ನಮ್ಮ ಮನೆಗೆ ಬರುತ್ತಾನೆ. ಕೈಯ ಗ್ರೀಸ್ ಪೂರ್ತಿ ಹೋಗಿರುವುದಿಲ್ಲ, ಪುಸ್ತಕದ ಅಂಚಿನಲ್ಲಿ ಗುರುತು ಉಳಿಯುತ್ತದೆ. ನಾನು ಒರೆಸುವುದಿಲ್ಲ.

ಪೋಷಕರಲ್ಲಿ ಒಂದೇ ವಿನಂತಿ. ಫೀಸಿಗೆ ತೊಂದರೆಯಾದರೆ, ಮಗು ಶಾಲೆಗೆ ಹೋಗಲು ಹಿಂದೆ ಮುಂದೆ ನೋಡಿದರೆ, ಆ ತಿಂಗಳೇ ಬಂದು ಹೇಳಿ, ಸಂಕೋಚ ಬೇಡ. ದಾನಿಗಳಿಗೂ ಒಂದು ಮಾತು. ನೀವು ಕೊಡುವ ಹಣ ಸಣ್ಣದೆಂದು ಅಂದುಕೊಳ್ಳಬೇಡಿ. ಸಮಯಕ್ಕೆ ಸಿಕ್ಕರೆ ಕೆಲವು ನೂರರಲ್ಲಿ ಆಗುವ ಕೆಲಸ, ತಡವಾದರೆ ಸಾವಿರಗಳಿಗೂ ಆಗುವುದಿಲ್ಲ.