ಕಲಿಯುವವನ ಬೆವರಿಗೂ ಲೆಕ್ಕವಿರಲಿ

(ಗುಂಡ್ಲುಪೇಟೆಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಬಾಲ್ಯದಲ್ಲಿ ಮದುವೆಯೆಂದರೆ ಶಾಮಿಯಾನದವರು ಬೇರೆ, ಅಡುಗೆಯ ಬಾವರ್ಚಿ ಬೇರೆ, ಲೈಟಿನವರು ಬೇರೆ, ಹೂವಿನವರು ಬೇರೆ. ಇಂದು ಇವೆಲ್ಲವೂ ಒಂದೇ ಬೋರ್ಡಿನ ಕೆಳಗೆ ಬಂದಿವೆ. ಅದಕ್ಕೆ ಈವೆಂಟ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ಹಿಂದೆ ಅಲ್ಲಿ ಕೈಕೆಲಸ ಮಾಡುತ್ತಿದ್ದವನನ್ನು ‘ಹುಡುಗ’ ಎಂದು ಕರೆಯುತ್ತಿದ್ದರು. ಇಂದು ಅದೇ ಕೆಲಸಕ್ಕೆ ಪದವಿ ವಿದ್ಯಾರ್ಥಿ ಬಂದರೆ ಅವನು ‘ಇಂಟರ್ನ್’. ಹೆಸರಿಗೆ ಗೌರವ ಬಂದಿದೆ, ಸಂತೋಷ. ಆದರೆ ಹುಡುಗನಿಗೆ ಸಂಜೆ ಸಿಗುತ್ತಿದ್ದ ಕೂಲಿ ಇಂಟರ್ನ್‌ಗೆ ಏಕೆ ಸಿಗುತ್ತಿಲ್ಲ? ಇಂದು ನಾವು ಚರ್ಚಿಸಬೇಕಾದ ವಿಷಯ ಇದು.

ಈ ಉದ್ಯೋಗವನ್ನು ಕೀಳಾಗಿ ಕಾಣುವ ಅಗತ್ಯವಿಲ್ಲ. ಚಾಮರಾಜನಗರವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆದರೂ ಪದವಿ ಮುಗಿಸಿದ ನಮ್ಮ ಮಕ್ಕಳು ಕೆಲಸಕ್ಕಾಗಿ ಇಂದಿಗೂ ಮೈಸೂರು, ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಊರಿನಲ್ಲೇ ಕಲಿತು ಊರಿನಲ್ಲೇ ನಿಲ್ಲಬಹುದಾದ ಉದ್ಯೋಗಗಳಲ್ಲಿ ಇದೂ ಒಂದು. ಗುಂಡ್ಲುಪೇಟೆಯಂತೂ ಮೂರು ರಾಜ್ಯಗಳ ದಾರಿ ಕೂಡುವ ಊರು. ಇಲ್ಲಿಂದ ಒಂದು ಹೆದ್ದಾರಿ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಊಟಿಗೆ ಹೋಗುತ್ತದೆ. ನಮ್ಮ ಹೊಲಗಳ ಚೆಂಡು ಹೂ ಓಣಂ ಸಮಯದಲ್ಲಿ ಕೇರಳದ ಅಂಗಳಗಳನ್ನು ಅಲಂಕರಿಸುತ್ತದೆ. ಹೂವೂ ಇದೆ, ದಾರಿಯೂ ಇದೆ, ಬುದ್ಧಿವಂತ ಯುವಕರೂ ಇದ್ದಾರೆ. ಇಲ್ಲದಿರುವುದು ನ್ಯಾಯವಾದ ಒಂದು ವ್ಯವಸ್ಥೆ ಮಾತ್ರ.

ವಿದ್ಯಾರ್ಥಿಯೊಬ್ಬರು ನಮ್ಮೊಂದಿಗೆ ಹೇಳಿಕೊಂಡ ಅನುಭವವನ್ನು ಇಲ್ಲಿ ಪ್ರಸ್ತಾಪಿಸುತ್ತೇವೆ. ಸಂಸ್ಥೆಯ ಹೆಸರು ಇಲ್ಲಿ ಅನಗತ್ಯ. ಬತ್ತೇರಿ ಕಡೆಯ ಒಂದು ವಲಿಮಾಕ್ಕೆ ಅಲಂಕಾರದ ಸಾಮಾನು ಹೊತ್ತ ವ್ಯಾನಿನಲ್ಲಿ ಅವರು ಹೋಗಿದ್ದರು. ಬಂಡೀಪುರದ ಅರಣ್ಯ ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿರುವುದು ನಿಮಗೆಲ್ಲ ತಿಳಿದಿದೆ. ಕಾಡಿನ ಪ್ರಾಣಿಗಳ ಹಿತಕ್ಕಾಗಿ ಇರುವ ಆ ನಿಯಮದ ಬಗ್ಗೆ ನಮ್ಮ ತಕರಾರಿಲ್ಲ. ಅತಿಥಿಗಳು ಹೊರಟು, ಮಂಟಪ ಬಿಚ್ಚಿ, ಸಾಮಾನು ತುಂಬುವಷ್ಟರಲ್ಲಿ ಒಂಬತ್ತು ದಾಟಿತ್ತು. ನಾಲ್ವರು ಯುವಕರು ಮುತ್ತಂಗದ ಕಡೆ ವ್ಯಾನಿನೊಳಗೆ ಬಟ್ಟೆಯ ಗಂಟುಗಳ ಮೇಲೆ ರಾತ್ರಿ ಕಳೆದರು. ಬೆಳಗ್ಗೆ ಊರಿಗೆ ಬಂದಾಗ ಇಬ್ಬರಿಗೆ ಕೂಲಿ ಸಿಕ್ಕಿತು. ಇನ್ನಿಬ್ಬರು ಇಂಟರ್ನ್‌ಗಳು. ‘ನಿಮಗೆ ಸರ್ಟಿಫಿಕೇಟ್ ಕೊಡುತ್ತೇವಲ್ಲ’ ಎಂಬ ಉತ್ತರ ಸಿಕ್ಕಿತು. ಕಾಡಿನ ಅಂಚಿನಲ್ಲಿ ಕಳೆದ ಆ ಒಂಬತ್ತು ಗಂಟೆಗಳು ಯಾರ ಲೆಕ್ಕಕ್ಕೆ ಸೇರಬೇಕು?

‘ಕಲಿಯಲು ಬಂದವನಿಗೆ ಹಣವೇಕೆ’ ಎಂದು ಮಾಲೀಕರು ಕೇಳಬಹುದು. ಹಾಗಾದರೆ ಕಲಿಸಿದ್ದೇನು ಎಂದು ನಾವು ಕೇಳಬೇಕಾಗುತ್ತದೆ. ಐನೂರು ಅತಿಥಿಗಳಿಗೆ ಎಷ್ಟು ಅಕ್ಕಿ, ಎಷ್ಟು ಮಾಂಸ ಬೇಕೆಂದು ಅಂದಾಜಿಸುವುದು, ಒಂದು ಊಟದ ನಿಜವಾದ ಖರ್ಚನ್ನು ಲೆಕ್ಕ ಹಾಕುವುದು, ಮುಂಗಡ ಮತ್ತು ಬಾಕಿಯ ಕರಾರು ಬರೆಯುವುದು, ತಾತ್ಕಾಲಿಕ ವಿದ್ಯುತ್ ಸಂಪರ್ಕ ಪಡೆಯುವುದು ಇವೆಲ್ಲವೂ ಕಲಿಕೆಯೇ. ತೆರೆದ ಜಾಗದಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲವೆಂಬ 2000ದ ನಿಯಮವನ್ನು ತಿಳಿದು ಕಾರ್ಯಕ್ರಮ ಹೊಂದಿಸುವುದೂ ಕಲಿಕೆ. ಕುರ್ಚಿ ಹೊರುವುದನ್ನೂ ಕಲಿಯಲಿ, ತಪ್ಪಿಲ್ಲ. ಆದರೆ ಮೂರು ತಿಂಗಳು ಕುರ್ಚಿಯನ್ನೇ ಹೊರಿಸಿ, ಲೆಕ್ಕದ ಪುಸ್ತಕ ತೆರೆದಾಗ ಅವನನ್ನು ಹೊರಗೆ ಕಳುಹಿಸಿದರೆ ಅದು ತರಬೇತಿಯಲ್ಲ. ಅದು ಬಿಟ್ಟಿ ಚಾಕರಿ.

ಈ ವಿಷಯದಲ್ಲಿ ದೇಶದ ಕಾನೂನು ಮೌನವಾಗಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ತರಬೇತಿಗೆ ಲಿಖಿತ ಒಪ್ಪಂದವಿರಬೇಕು, ಅದು ನೋಂದಣಿಯಾಗಬೇಕು, ತಿಂಗಳಿಗೆ ಭತ್ಯೆ ಕೊಡಬೇಕು. ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ವರಿಗಿಂತ ಕಡಿಮೆಯಿಲ್ಲದ ಸಣ್ಣ ಸಂಸ್ಥೆಗಳು ಇಚ್ಛಿಸಿದರೆ ತೆಗೆದುಕೊಳ್ಳಬಹುದು. ಭತ್ಯೆಯ ಒಂದು ಪಾಲನ್ನು ಸರಕಾರವೇ ಭರಿಸುವ ಯೋಜನೆ 2016ರಲ್ಲಿ ಆರಂಭವಾಯಿತು. ಆದರೆ ನೆನಪಿಡಿ, ಬಾಯಿಮಾತಿನಲ್ಲಿ ‘ಇಂಟರ್ನ್’ ಎಂದು ಕರೆಸಿಕೊಂಡ ಮಾತ್ರಕ್ಕೆ ಈ ಕಾಯ್ದೆಯ ರಕ್ಷಣೆ ಸಿಗದು. ಒಪ್ಪಂದದ ಕಾಗದ ಬೇಕು. ನಮ್ಮವರು ಹಿಂಜರಿಯುವುದು ಅಲ್ಲಿಯೇ. ‘ಪರಿಚಯದವರು, ಕಾಗದ ಕೇಳಿದರೆ ಏನೆಂದುಕೊಳ್ಳುತ್ತಾರೋ’ ಎಂಬ ಸಂಕೋಚ.

ಸಂಕೋಚಪಡುವವರು ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿರುವ ಪ್ರವಾದಿ ಮೂಸಾ(ಅ)ರ ವೃತ್ತಾಂತವನ್ನು ನೆನಪಿಸಿಕೊಳ್ಳಲಿ. ಈಜಿಪ್ಟಿನಿಂದ ಮದ್ಯನ್‌ಗೆ ಬಂದ ಆ ಯುವಕನ ಬಳಿ ಏನೂ ಇರಲಿಲ್ಲ. ಬಾವಿಯ ಬಳಿ ಕಾಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ಜಾನುವಾರುಗಳಿಗೆ ಅವರು ನೀರುಣಿಸಿದರು. ಯಾರೂ ಕೂಲಿ ಗೊತ್ತುಮಾಡದಿದ್ದ ಆ ಕೆಲಸಕ್ಕೂ ಪ್ರತಿಫಲ ಕೊಡಲೆಂದು ಆ ಹೆಣ್ಣುಮಕ್ಕಳ ವೃದ್ಧ ತಂದೆ ಕರೆ ಕಳುಹಿಸಿದರು. ಬಳಿಕ ದುಡಿಮೆಯ ಅವಧಿ ಎಂಟು ವರ್ಷ, ಹತ್ತು ಪೂರೈಸಿದರೆ ಅದು ಅವನ ಇಚ್ಛೆ ಎಂದು ಮೊದಲೇ ಸ್ಪಷ್ಟಪಡಿಸಲಾಯಿತು. ಮದುವೆಯ ಮಾತೂ ದುಡಿಮೆಯ ಮಾತೂ ಅಲ್ಲಿ ಒಟ್ಟಿಗೇ ನಡೆದವು. ಎರಡರಲ್ಲೂ ಷರತ್ತು ಮುಂಚಿತವಾಗಿ ನಿಗದಿಯಾಯಿತು. ಅಳಿಯನಾಗುವವನೊಂದಿಗೇ ಅವಧಿ ಗೊತ್ತುಮಾಡಿಕೊಳ್ಳಬಹುದಾದರೆ, ಪರಿಚಯದ ಮಾಲೀಕರಲ್ಲಿ ಒಂದು ಕಾಗದ ಕೇಳುವುದು ಅಗೌರವ ಹೇಗಾದೀತು?

ತಾಯಂದಿರಲ್ಲಿ ಒಂದು ಮಾತು. ಈ ಉದ್ಯೋಗಕ್ಕೆ ನಮ್ಮ ಹೆಣ್ಣುಮಕ್ಕಳೂ ಬರಲು ಬಯಸುತ್ತಿದ್ದಾರೆ. ಮಹಿಳೆಯರ ವಿಭಾಗದ ಏರ್ಪಾಡು, ಅಲಂಕಾರ, ಲೆಕ್ಕಪತ್ರ ಇವುಗಳಲ್ಲಿ ಅವರ ಅಗತ್ಯವೂ ಇದೆ. ‘ರಾತ್ರಿಯ ಕೆಲಸ, ಬೇಡ’ ಎಂದು ಒಂದೇ ಮಾತಿನಲ್ಲಿ ಬಾಗಿಲು ಮುಚ್ಚುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳೋಣ. ಎಷ್ಟು ಗಂಟೆಗೆ ಬಿಡುತ್ತೀರಿ? ಮನೆಗೆ ತಲುಪಿಸುವವರು ಯಾರು? ಜೊತೆಯಲ್ಲಿ ಬೇರೆ ಹೆಣ್ಣುಮಕ್ಕಳಿದ್ದಾರೆಯೇ? ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ದೂರು ಸ್ವೀಕರಿಸಲು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅವಕಾಶವಿದೆ. ಇದು ಮಗಳಿಗೂ ತಿಳಿದಿರಲಿ, ಮಾಲೀಕರಿಗೂ ತಿಳಿದಿರಲಿ.

ಬಾಂಧವರೇ, ಮಾಲೀಕರನ್ನಷ್ಟೇ ದೂರಿ ನಾವು ಮನೆಗೆ ಹೋಗುವಂತಿಲ್ಲ. ನಮ್ಮ ಸೋದರನ ವಲಿಮಾದಲ್ಲಿ ನಾವೇ ಚೌಕಾಶಿ ಮಾಡಿ ಬಡಿಸುವವರ ಕೂಲಿಯನ್ನು ಲೆಕ್ಕದಿಂದ ತೆಗೆಸಿದೆವು. ವೇದಿಕೆಯ ಹೂವಿನಲ್ಲಿ ಮಾತ್ರ ಒಂದು ಎಸಳೂ ಕಡಿಮೆ ಮಾಡಲಿಲ್ಲ. ಬಡಿಸಲು ಬಂದ ಕಾಲೇಜು ಹುಡುಗರು ದೇಗಿನ ತಳದಲ್ಲಿ ಉಳಿದದ್ದನ್ನು ಕೆರೆದು ತಿನ್ನುತ್ತಿದ್ದುದನ್ನು ನಾವು ಕಂಡಾಗ ಮಧ್ಯರಾತ್ರಿ ಕಳೆದಿತ್ತು. ಅಂದು ನಮಗಾದ ನಾಚಿಕೆಯೇ ಇಂದಿನ ಈ ಭಾಷಣಕ್ಕೆ ಕಾರಣ. ಬೆವರು ಮತ್ತು ಕೂಲಿಯ ಕುರಿತು ಪ್ರವಾದಿ(ಸ)ರು ಹೇಳಿದ್ದನ್ನು ಎಷ್ಟು ಜುಮಾಗಳಲ್ಲಿ ಕೇಳಿದ್ದೇವೆ! ಆ ಮಾತು ನಮ್ಮ ಮದುವೆಯ ಖರ್ಚಿನ ಪಟ್ಟಿಯೊಳಗೆ ಪ್ರವೇಶಿಸಿರಲೇ ಇಲ್ಲ.

ಆದ್ದರಿಂದ ಮೂರು ವಿನಂತಿಗಳು. ವಿದ್ಯಾರ್ಥಿಗಳೇ, ಸೇರುವ ಮುನ್ನ ಅವಧಿ, ಸಮಯ, ಭತ್ಯೆ, ಕಲಿಸುವ ವಿಷಯ ಈ ನಾಲ್ಕನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಮಾಲೀಕ ಮಿತ್ರರೇ, ರಮಝಾನಿನಲ್ಲಿ ನಮ್ಮ ಮದುವೆಗಳಿಲ್ಲ, ಆಷಾಢದಲ್ಲಿ ಹಿಂದೂ ಸಹೋದರರ ಮದುವೆಗಳಿಲ್ಲ ಎಂಬ ನಿಮ್ಮ ಕಷ್ಟ ನಮಗೆ ಗೊತ್ತು. ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಲೆಕ್ಕ ಕಲಿಸಿ, ಕೆಲಸವಿರುವ ತಿಂಗಳುಗಳಲ್ಲಿ ದುಡಿದದ್ದಕ್ಕೆ ಹಣ ಕೊಡಿ. ಮದುವೆ ಮಾಡುವ ಹಿರಿಯರೇ, ಸರಳವಾಗಿ ಮಾಡಿ, ಆದರೆ ಸರಳತೆಯನ್ನು ಬಡಿಸುವವನ ಕೂಲಿಯಿಂದ ಆರಂಭಿಸಬೇಡಿ. ವೇದಿಕೆಯ ಹೂವಿನಿಂದ ಆರಂಭಿಸಿ. ಅತಿಥಿಗಳ ಕೊನೆಯ ಪಂಕ್ತಿಯೊಂದಿಗೆ ಆ ಹುಡುಗರನ್ನೂ ಕೂರಿಸಿ ಬಡಿಸಿ.

ನಮ್ಮ ಸಂತೋಷದ ದಿನ ಇನ್ನೊಬ್ಬರ ಮಗನ ಹಸಿವಿನ ರಾತ್ರಿಯಾಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.