ಮೂರನೆಯ ಪ್ರಯತ್ನ



ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗೆ ಕೊಡುವ ಕಾಗದಗಳು ಮುಖ್ಯವಾಗಿ ಎರಡು. ಪದವಿ ಪ್ರಮಾಣಪತ್ರವು ಫಲಿತಾಂಶವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಅಂಕಪಟ್ಟಿಯಾದರೋ ಯಾವ ವಿಷಯದಲ್ಲಿ ಎಷ್ಟು ಅಂಕ ಬಂತು, ಎಷ್ಟನೆಯ ಪ್ರಯತ್ನದಲ್ಲಿ ತೇರ್ಗಡೆಯಾಯಿತು ಎಂಬುದನ್ನೆಲ್ಲ ದಾಕ್ಷಿಣ್ಯವಿಲ್ಲದೆ ದಾಖಲಿಸುತ್ತದೆ. ಮೊದಲನೆಯದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ, ಎರಡನೆಯದು ಬೀರುವಿನೊಳಗೆ ಉಳಿಯುತ್ತದೆ. ಕಲೆಯ ಲೋಕದಲ್ಲೂ ಸಾಮಾನ್ಯವಾಗಿ ಇದೇ ರೂಢಿಯಿದ್ದು, ಶ್ರೋತೃವಿನ ಕೈಗೆ ಬರುವುದು ಸಿದ್ಧವಾದ ಕೃತಿಯೇ ಹೊರತು ಅದರ ಹಿಂದಿನ ತಪ್ಪು ಒಪ್ಪುಗಳ ಲೆಕ್ಕವಲ್ಲ. ಈ ರೂಢಿಯನ್ನು ಮುರಿದು, ತನ್ನ ಮೊದಲ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆಯೇ ಒಂದು ಬಗೆಯ ಅಂಕಪಟ್ಟಿಯನ್ನು ಅಚ್ಚು ಹಾಕಿಸಿದ ತಂಡವೊಂದು ಇಂಗ್ಲೆಂಡಿನಲ್ಲಿತ್ತು. ಇಬ್ಬರು ಕಾಲೇಜು ವಿದ್ಯಾರ್ಥಿಗಳು ಕಟ್ಟಿದ ಆ ಪಂಕ್ ತಂಡದ ಹೆಸರು ಬಜ್‌ಕಾಕ್ಸ್.

ಪಂಕ್ ಎಂಬುದು 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್‌ಗಳಲ್ಲಿ ರೂಪು ತಳೆದ ರಾಕ್ ಸಂಗೀತದ ಒಂದು ಕವಲು. ಪುಂಡ, ಕೆಲಸಕ್ಕೆ ಬಾರದವನು ಎಂಬ ಅರ್ಥದ ಬೈಗುಳವನ್ನೇ ಹೆಸರಾಗಿ ಹೊತ್ತ ಈ ಸಂಗೀತದಲ್ಲಿ ಹಾಡುಗಳು ಚಿಕ್ಕವು, ಲಯ ಧಾವಂತದ್ದು. ವರ್ಷಗಟ್ಟಲೆ ಸಾಧನೆ ಮಾಡಿದವರಿಗೆ ಮಾತ್ರ ವೇದಿಕೆ ಎಂಬ ಆಗಿನ ರಾಕ್ ಸಂಗೀತದ ಕಟ್ಟುಪಾಡನ್ನು ಇದು ಒಪ್ಪಲಿಲ್ಲ. ಈ ಗಾಳಿ ಬೀಸಿದ ಊರುಗಳಲ್ಲಿ ಬೋಲ್ಟನ್ ಒಂದು. ಮ್ಯಾಂಚೆಸ್ಟರಿಗೆ ಹತ್ತಿರದ ಇದು ಹತ್ತಿ ಗಿರಣಿಗಳ ಊರಾಗಿತ್ತು. 1779ರಲ್ಲಿ ನೂಲುವ ಯಂತ್ರವೊಂದನ್ನು ರೂಪಿಸಿ ಜವಳಿ ಉದ್ಯಮದ ಗತಿಯನ್ನೇ ಬದಲಿಸಿದ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಇಲ್ಲಿಯವನೇ. ಇಲ್ಲಿನ ತಾಂತ್ರಿಕ ಸಂಸ್ಥೆಯ ಸೂಚನಾ ಫಲಕದಲ್ಲಿ ಹೊವರ್ಡ್ ಟ್ರಾಫರ್ಡ್ ಎಂಬ ವಿದ್ಯಾರ್ಥಿ, ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಹದಿನೇಳು ನಿಮಿಷಗಳ ಗೀತೆಯೊಂದನ್ನು ನುಡಿಸಲು ಜೊತೆಗಾರರು ಬೇಕೆಂದು ಚೀಟಿ ಅಂಟಿಸಿದನು. ಅದಕ್ಕೆ ಓಗೊಟ್ಟವನು ಪೀಟರ್ ಮ್ಯಾಕ್‌ನೀಶ್. ಇವರಿಬ್ಬರೂ ಮುಂದೆ ಕ್ರಮವಾಗಿ ಹೊವರ್ಡ್ ಡಿವೋಟೊ, ಪೀಟ್ ಶೆಲ್ಲಿ ಎಂದು ಹೆಸರು ಬದಲಿಸಿಕೊಂಡರು. ಶೆಲ್ಲಿ ಎಂಬ ಹೆಸರನ್ನು ಇಂಗ್ಲಿಷ್ ಕಾವ್ಯದ ಪಠ್ಯ ಓದಿದ ಸ್ನಾತಕರಿಗೆ ಪರಿಚಯಿಸಬೇಕಾಗಿಲ್ಲ.

1976ರ ಫೆಬ್ರವರಿಯಲ್ಲಿ ಸಂಗೀತ ವಾರಪತ್ರಿಕೆಯೊಂದರಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಲಂಡನ್ ತಂಡದ ಕಛೇರಿಯ ವಿಮರ್ಶೆಯನ್ನು ಓದಿದ ಈ ಗೆಳೆಯರು, ಎರವಲು ಕಾರಿನಲ್ಲಿ ದಕ್ಷಿಣಕ್ಕೆ ಹೋಗಿ, ಒಂದರ ಹಿಂದೊಂದರಂತೆ ಎರಡು ರಾತ್ರಿ ಆ ತಂಡವನ್ನು ಕೇಳಿ ಬಂದರು. ಬಂದ ಆರು ವಾರಕ್ಕೆ, ಏಪ್ರಿಲ್ 1ರಂದು, ಸ್ವಂತ ಕಾಲೇಜಿನಲ್ಲೇ ಅವರ ಮೊದಲ ಪ್ರದರ್ಶನ ನಡೆಯಿತು. ನಡೆಯಿತು ಎನ್ನುವುದು ಸ್ವಲ್ಪ ಉದಾರವಾದ ಮಾತು; ಕೆಲವೇ ಹಾಡುಗಳಾಗುವಷ್ಟರಲ್ಲಿ ವಿದ್ಯುತ್ ಸಂಪರ್ಕ ತಪ್ಪಿಸಿ ಅವರನ್ನು ನಿಲ್ಲಿಸಲಾಯಿತು.

ಇಷ್ಟಾದ ಮೇಲೆ ಮನೆಯಲ್ಲಿ ಕುಳಿತು ಅಭ್ಯಾಸ ಮಾಡುವುದು ವಿವೇಕದ ದಾರಿಯಾಗಿತ್ತು. ಡಿವೋಟೊ ಮತ್ತು ಶೆಲ್ಲಿ ಅದನ್ನು ಬಿಟ್ಟು ಸಭಾಂಗಣ ಬಾಡಿಗೆಗೆ ಹಿಡಿದರು. ಸೆಕ್ಸ್ ಪಿಸ್ಟಲ್ಸ್ ತಂಡವನ್ನು ಮ್ಯಾಂಚೆಸ್ಟರಿಗೆ ಕರೆಸಿ, ಆ ಕಛೇರಿಯ ಮೊದಲ ಭಾಗದಲ್ಲಿ ತಾವೇ ನುಡಿಸುವುದು ಅವರ ಲೆಕ್ಕಾಚಾರ. ಆದರೆ ಜೂನ್ 4ರ ಹೊತ್ತಿಗೆ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಗೊತ್ತಾಗಿತ್ತು, ಐವತ್ತು ಪೆನ್ಸಿನ ಟಿಕೆಟ್ಟುಗಳು ಅಚ್ಚಾಗಿದ್ದವು, ಅತಿಥಿ ತಂಡ ಬಂದಿತ್ತು. ಆತಿಥೇಯರ ತಂಡವೇ ಇರಲಿಲ್ಲ. ಡ್ರಮ್ ಬಾರಿಸುವವನಾಗಲಿ, ಹಾಡಿನ ಅಡಿಪಾಯವಾದ ಮಂದ್ರ ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್ ವಾದಕನಾಗಲಿ ಇಲ್ಲದೆ, ಬೇರೊಂದು ತಂಡವನ್ನು ಆ ಜಾಗಕ್ಕೆ ಹಾಕಬೇಕಾಯಿತು. ಮದುವೆ ಮನೆಯಲ್ಲಿ ಚಪ್ಪರ, ಓಲಗ, ಅಡಿಗೆ ಎಲ್ಲ ಸಿದ್ಧವಿದ್ದು ವರನೇ ಇಲ್ಲದಂಥ ಸ್ಥಿತಿ ಅದು.

ಆ ಸಂಜೆ ಸಭಾಂಗಣದ ಹೊರಗೆ ಸ್ಟೀವ್ ಡಿಗಲ್ ಎಂಬ ಯುವಕ, ತನ್ನದೇ ತಂಡ ಕಟ್ಟುವ ಮಾತುಕತೆಗಾಗಿ ಇನ್ನಾರನ್ನೋ ಕಾಯುತ್ತ ನಿಂತಿದ್ದನು. ಸೆಕ್ಸ್ ಪಿಸ್ಟಲ್ಸ್ ತಂಡದ ವ್ಯವಸ್ಥಾಪಕ ಮ್ಯಾಲ್ಕಮ್ ಮೆಕ್‌ಲಾರೆನ್, ಬಜ್‌ಕಾಕ್ಸ್ ಹುಡುಕುತ್ತಿದ್ದ ಬೇಸ್ ವಾದಕ ಇವನೇ ಇರಬೇಕೆಂದು ಭ್ರಮಿಸಿ ಒಳಗೆ ಕರೆತಂದು ಶೆಲ್ಲಿಗೆ ಪರಿಚಯಿಸಿದನು. ಮಾತು ಮುಂದುವರಿದಂತೆ ಗೊಂದಲ ಬಯಲಾಯಿತಾದರೂ ಡಿಗಲ್ ತಂಡದಲ್ಲೇ ಉಳಿದನು, ಹದಿನಾರು ವರ್ಷದ ಜಾನ್ ಮಾಹರ್ ಡ್ರಮ್ಮಿಗೆ ಬಂದನು, ಮತ್ತು ಜುಲೈ 20ರಂದು ಅದೇ ಸಭಾಂಗಣದಲ್ಲಿ ಸೆಕ್ಸ್ ಪಿಸ್ಟಲ್ಸ್ ಎರಡನೆಯ ಸಲ ಬಂದಾಗ ಬಜ್‌ಕಾಕ್ಸ್ ಕೊನೆಗೂ ವೇದಿಕೆ ಏರಿತು. ಶೆಲ್ಲಿಯ ಕೈಯಲ್ಲಿದ್ದುದು ಮೇಲ್ಭಾಗ ಮುರಿದು ಅರ್ಧವಾಗಿದ್ದ ಅಗ್ಗದ ಗಿಟಾರು. ತಂತಿಗಳು ನೆಟ್ಟಗಿದ್ದುದರಿಂದ ಅದು ನುಡಿಯುತ್ತಿತ್ತು, ನುಡಿಯುತ್ತಿದ್ದುದರಿಂದ ಅವನು ಅದನ್ನು ಬದಲಿಸಲಿಲ್ಲ. ಸಂಗೀತಕ್ಕಿಂತ ಮೊದಲು ಈ ಹುಡುಗರಿಗೆ ಕೈಹತ್ತಿದ್ದು ಬಾಡಿಗೆ, ಟಿಕೆಟ್ಟು, ಜಾಹೀರಾತಿನಂಥ ಗುಮಾಸ್ತಿಕೆಯ ಕೆಲಸಗಳು ಎಂಬುದನ್ನು ಪಂಕ್‌ನ ಪುಂಡತನವನ್ನಷ್ಟೇ ಮೆಚ್ಚುವ ಅಭಿಮಾನಿಗಳು ಮರೆಯುವುದುಂಟು.

ಧ್ವನಿಮುದ್ರಣದಲ್ಲೂ ಇದೇ ಕಥೆ. ದೊಡ್ಡ ಕಂಪನಿಯ ಹಂಗಿಲ್ಲದೆ, ಗೆಳೆಯರಿಂದಲೂ ಮನೆಯವರಿಂದಲೂ 500 ಪೌಂಡ್ ಸಾಲ ಎತ್ತಿ, 1976ರ ಡಿಸೆಂಬರ್ 28ರಂದು ಮ್ಯಾಂಚೆಸ್ಟರಿನ ಸ್ಟುಡಿಯೊ ಒಂದರಲ್ಲಿ ಮಾರ್ಟಿನ್ ಹ್ಯಾನೆಟ್‌ನ ನಿರ್ದೇಶನದಲ್ಲಿ ನಾಲ್ಕು ಹಾಡುಗಳನ್ನು ಕೆಲವೇ ಗಂಟೆಗಳಲ್ಲಿ ಮುದ್ರಿಸಲಾಯಿತು. ಅವುಗಳಲ್ಲಿ 'ಬೋರ್ಡಮ್' ಎಂಬ ಹಾಡಿನ ನಡುವೆ ಬರುವ ಗಿಟಾರಿನ ಒಂಟಿ ನುಡಿಸಾಣಿಕೆಯಲ್ಲಿ ಎರಡೇ ಸ್ವರಗಳು ಮತ್ತೆಮತ್ತೆ ಮರಳುತ್ತವೆ. ಔಡವ ರಾಗಕ್ಕೂ ಐದು ಸ್ವರ ಬೇಕೆಂಬ ಸಂಪ್ರದಾಯದ ಕಿವಿಗಳಿಗೆ ಇದು ಬಡತನವೆನಿಸೀತು. ಬೇಸರವನ್ನು ಕುರಿತ ಹಾಡಿಗೆ ಅದಕ್ಕಿಂತ ಹೆಚ್ಚಿನ ಸ್ವರ ಸೇರಿದ್ದರೆ ಅದು ಅಲಂಕಾರವಾಗುತ್ತಿತ್ತು.

'ಸ್ಪೈರಲ್ ಸ್ಕ್ರ್ಯಾಚ್' ಎಂಬ ಈ ಮುದ್ರಿಕೆಯು 1977ರ ಜನವರಿ 29ರಂದು ನ್ಯೂ ಹಾರ್ಮೋನ್ಸ್ ಎಂಬ ಅವರದೇ ಮುದ್ರೆಯಡಿ ಸಾವಿರ ಪ್ರತಿಗಳಲ್ಲಿ ಹೊರಬಂದು, ಮುಂದೆ ಒಟ್ಟು 16,000 ಪ್ರತಿಗಳವರೆಗೆ ಮಾರಾಟವಾಯಿತು. ಹೊದಿಕೆಯ ಚಿತ್ರವನ್ನು ವ್ಯವಸ್ಥಾಪಕ ರಿಚರ್ಡ್ ಬೂನ್ ಪೊಲರಾಯ್ಡ್ ಕ್ಯಾಮೆರಾದಲ್ಲಿ, ರಾಬರ್ಟ್ ಪೀಲ್‌ನ ಪ್ರತಿಮೆಯ ಬುಡದಲ್ಲಿ ತೆಗೆದನು. ಧಾನ್ಯದ ಆಮದು ಸುಂಕದ ಕಾನೂನನ್ನು 1846ರಲ್ಲಿ ರದ್ದುಪಡಿಸಿದ ಪ್ರಧಾನಿ ಈ ಪೀಲ್. ಅದೇ ರದ್ದತಿಯ ಸ್ಮಾರಕವಾಗಿ ಎದ್ದದ್ದು, ಆ ಕಛೇರಿಗಳು ನಡೆದ ಲೆಸ್ಸರ್ ಹಾಲ್ ಇದ್ದ ಫ್ರೀ ಟ್ರೇಡ್ ಹಾಲ್ ಕಟ್ಟಡ. ಹುಡುಗರಿಗೆ ಈ ನಂಟು ಹೊಳೆದಿತ್ತೋ ಇಲ್ಲವೋ, ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಳೆಯದಿರದು.

ಹೊದಿಕೆಯ ಮೇಲಿನ ಅಂಕಪಟ್ಟಿ ಇಂತಿದೆ. 'ಬ್ರೇಕ್‌ಡೌನ್' ಎಂಬ ಹಾಡಿನ ಮುಂದೆ ಮೂರನೆಯ ಟೇಕ್, ಡಬ್ ಇಲ್ಲ ಎಂದಿದೆ; ಉಳಿದವುಗಳ ಮುಂದೆ ಮೊದಲನೆಯ ಟೇಕ್, ಗಿಟಾರಿನ ಡಬ್ ಎಂದಿದೆ. ಟೇಕ್ ಎಂದರೆ ಹಾಡನ್ನು ಮುದ್ರಿಸಲು ಮಾಡಿದ ಒಂದೊಂದು ಪ್ರಯತ್ನ. ಡಬ್ ಎಂದರೆ ಮುದ್ರಣವಾದ ಮೇಲೆ ಅದರೊಡನೆ ಇನ್ನೊಂದು ವಾದ್ಯವನ್ನು ಬೇರೆಯಾಗಿ ನುಡಿಸಿ ಸೇರಿಸುವುದು. ಹೀಗೆ ಎಲ್ಲಿ ಎಡವಿದೆವು, ಎಲ್ಲಿ ತೇಪೆ ಹಾಕಿದೆವು ಎಂಬುದನ್ನು ಕೊಳ್ಳುವವರ ಮುಂದೆಯೇ ಇಟ್ಟದ್ದರಿಂದ, ಇಷ್ಟೇ ತಾನೆ, ಇದನ್ನು ತಾವೂ ಮಾಡಬಹುದಲ್ಲ ಎಂದು ಕೇಳಿದವರಿಗೆ ಅನಿಸುವಂತಾಯಿತು. ಸ್ವಂತ ದುಡ್ಡಿನಲ್ಲಿ ಮುದ್ರಿಕೆ ಹೊರತರುವ ಪದ್ಧತಿ ಬ್ರಿಟನ್ನಿನಲ್ಲಿ ಹಬ್ಬಿದ್ದರಲ್ಲಿ ಆ ನಾಲ್ಕು ಸಾಲುಗಳ ಪಾಲು, ಹಾಡುಗಳ ಪಾಲಿಗಿಂತ ಕಡಿಮೆಯದೇನಲ್ಲ.

ಮುದ್ರಿಕೆ ಹೊರಬಂದ ಕೆಲವೇ ವಾರಗಳಲ್ಲಿ ಡಿವೋಟೊ, ಕಾಲೇಜಿನ ಓದು ಮುಗಿಸಬೇಕೆಂಬ ಕಾರಣ ನೀಡಿ ತಂಡವನ್ನು ಬಿಟ್ಟನು. ಹಾಡುವ ಹೊಣೆ ಶೆಲ್ಲಿಯ ಮೇಲೆ ಬಿತ್ತು, ಬೇಸ್ ನುಡಿಸುತ್ತಿದ್ದ ಡಿಗಲ್ ಗಿಟಾರಿಗೆ ಬಂದನು. ಬೋಲ್ಟನ್ನಿನ ಆ ತಾಂತ್ರಿಕ ಸಂಸ್ಥೆ ಕಾಲಾನಂತರದಲ್ಲಿ ವಿಶ್ವವಿದ್ಯಾಲಯವಾಗಿ, 2009ರಲ್ಲಿ ಡಿವೋಟೊ ಮತ್ತು ಶೆಲ್ಲಿ ಇಬ್ಬರಿಗೂ ಗೌರವ ಡಾಕ್ಟರೇಟ್ ನೀಡಿತು. ಗೌರವ ಪದವಿಗೆ ಪರೀಕ್ಷೆ ಇಲ್ಲದ ಕಾರಣ, ಎಷ್ಟನೆಯ ಪ್ರಯತ್ನವೆಂದು ನಮೂದಿಸುವ ಪ್ರಶ್ನೆ ಅಲ್ಲಿ ಏಳಲಿಲ್ಲ.