ಸಂತಾನ ನಿಯಂತ್ರಣ: ಗಂಡಸಿನ ಸರದಿ ಯಾವಾಗ?

(ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಪಠ್ಯ)



ಕುಟುಂಬ ಯೋಜನೆ ಎಂದರೆ ನಮ್ಮಲ್ಲಿ ಇಂದಿಗೂ ಹೆಂಗಸರ ಆಪರೇಷನ್ ಎಂದೇ ಅರ್ಥ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ನೂರಕ್ಕೆ 57 ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಗಂಡಂದಿರ ಲೆಕ್ಕ ನೂರಕ್ಕೆ ಒಂದೂ ಇಲ್ಲ. 1930ರಷ್ಟು ಹಿಂದೆಯೇ ಸರ್ಕಾರಿ ಖರ್ಚಿನಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದ ಮೈಸೂರು ಸಂಸ್ಥಾನದ ನಾಡು ನಮ್ಮದು!

ಹೆಂಗಸರಿಗೆ ಮಾತ್ರೆ, ವಂಕಿ, ಚುಚ್ಚುಮದ್ದು ಎಲ್ಲವೂ ಇವೆ. ಗಂಡಸರಿಗೆ ನಿರೋಧ್ ಬಿಟ್ಟರೆ ವ್ಯಾಸೆಕ್ಟಮಿ. ಇದಕ್ಕೆ ದೇಹರಚನೆಯೂ ಒಂದು ಕಾರಣ. ಹೆಣ್ಣಿನಲ್ಲಿ ಸಾಮಾನ್ಯವಾಗಿ ತಿಂಗಳಿಗೊಂದು ಅಂಡಾಣು ಹೊರಬರುತ್ತದೆ. ಗಂಡಿನಲ್ಲಿ ದಿನವೂ ಕೋಟಿಗಟ್ಟಲೆ ವೀರ್ಯಾಣುಗಳು ಹುಟ್ಟುತ್ತವೆ. ಅಷ್ಟನ್ನೂ ತಡೆಯುವುದು ಸುಲಭವಲ್ಲ.

ಹುಟ್ಟುವುದನ್ನು ತಡೆಯುವ ಬದಲು ದಾರಿಯಲ್ಲೇ ಕೆಡಿಸಿದರೆ? ಹೀಗೆ ಯೋಚಿಸಿದವರು ನಮ್ಮವರೇ ಆದ ಐಐಟಿ ವಿಜ್ಞಾನಿ ಸುಜೋಯ್ ಕುಮಾರ್ ಗುಹಾ. ಕುಡಿಯುವ ನೀರಿನ ಶುದ್ಧೀಕರಣಕ್ಕೆಂದು ಹೊರಟಿದ್ದ ಅವರ ಸಂಶೋಧನೆ ಈ ಕಡೆ ತಿರುಗಿತು. 1979ರಲ್ಲಿ ಅವರ ಮೊದಲ ಪ್ರಬಂಧ ಪ್ರಕಟವಾಯಿತು. 'ರಿಸಗ್' ಎಂಬ ಈ ವಿಧಾನದಲ್ಲಿ ವೀರ್ಯನಾಳದೊಳಕ್ಕೆ ಒಂದು ಪಾಲಿಮರ್ ದ್ರವವನ್ನು ಚುಚ್ಚುತ್ತಾರೆ. ಅದು ನಾಳದ ಒಳಗೋಡೆಗೆ ಅಂಟಿಕೊಂಡು, ಹಾದುಹೋಗುವ ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. 303 ಗಂಡಸರ ಮೇಲೆ ನಡೆದ ಮೂರನೇ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂತು. ಗರ್ಭ ತಡೆಯುವಲ್ಲಿ ಶೇ 99ರಷ್ಟು ಯಶಸ್ಸು. ಆ ಪಾಲಿಮರನ್ನು ತೊಳೆದು ತೆಗೆದರೆ ಮತ್ತೆ ಮಕ್ಕಳಾಗುತ್ತವೆಯೇ? ಪ್ರಾಣಿಗಳಲ್ಲಿ ಹೌದು. ಮನುಷ್ಯರಲ್ಲಿ ಅದನ್ನು ಈ ಪ್ರಯೋಗ ಪರೀಕ್ಷಿಸಲಿಲ್ಲ. ಮೊದಲ ಪ್ರಬಂಧದಿಂದ ಇಲ್ಲಿಗೆ 44 ವರ್ಷ!

ಹಾರ್ಮೋನು ಚುಚ್ಚುಮದ್ದಿನ ಕಥೆ ಬೇರೆ. ಹಲವು ದೇಶಗಳ 320 ಗಂಡಸರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸಹಭಾಗಿತ್ವದಲ್ಲಿ ನಡೆದ ಪ್ರಯೋಗದಲ್ಲಿ ಮದ್ದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಖಿನ್ನತೆ ಮೊದಲಾದ ಅಡ್ಡ ಪರಿಣಾಮಗಳು ಕಂಡಿದ್ದರಿಂದ 2011ರಲ್ಲಿ ಚುಚ್ಚುಮದ್ದು ನಿಲ್ಲಿಸಲಾಯಿತು. ಹೆಂಗಸರ ಮಾತ್ರೆಯಿಂದಲೂ ತಲೆನೋವು, ಬೇಸರ ಬರುವುದುಂಟಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವೈದ್ಯಶಾಸ್ತ್ರದ ತಕ್ಕಡಿ ಇಲ್ಲಿದೆ: ಹೆಣ್ಣಿಗೆ ಮದ್ದಿನ ತೊಂದರೆಯನ್ನು ಗರ್ಭದ, ಹೆರಿಗೆಯ ಅಪಾಯದ ಎದುರು ತೂಗುತ್ತಾರೆ. ಗಂಡು ಬಸಿರಾಗುವುದಿಲ್ಲ, ಹಾಗಾಗಿ ಅವನ ಎದುರಿನ ತಟ್ಟೆ ಖಾಲಿ. ಆ ತಟ್ಟೆಯಲ್ಲಿ ಅವನ ಹೆಂಡತಿಯ ಜೀವವನ್ನೂ ಇಟ್ಟು ತೂಗಬಾರದೇ? ನಾವು ಚರ್ಚಿಸಬೇಕಾದದ್ದು ಇದನ್ನು.

ಹೊಸ ಮದ್ದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮಕ್ಕಳು ಸಾಕು ಎಂದು ನಿರ್ಧರಿಸಿದವರಿಗೆ ವ್ಯಾಸೆಕ್ಟಮಿ ಇದೆ. ಅದು ಹೆಂಗಸರ ಆಪರೇಷನ್ನಿಗಿಂತ ಸರಳ. ಹೊಟ್ಟೆ ಕೊಯ್ಯುವುದಿಲ್ಲ, ಮೈಮರೆಸುವುದಿಲ್ಲ. ಗಂಡಸುತನದ ಹಾರ್ಮೋನು ನೇರವಾಗಿ ರಕ್ತಕ್ಕೆ ಸೇರುವುದರಿಂದ ಶಕ್ತಿ ಕುಂದುವುದಿಲ್ಲ. ಸುಮಾರು ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸುವವರೆಗೆ ಮಾತ್ರ ಬೇರೆ ಎಚ್ಚರಿಕೆ ಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಇದನ್ನು ಮಾಡಲಾಯಿತು, ಅನೇಕರಿಗೆ ಬಲವಂತದಿಂದ. ಆ ಭಯ ಅರ್ಥವಾಗುವಂಥದ್ದೇ. ಆದರೆ ಆ ಭಯದ ಬೆಲೆಯನ್ನು ಇಷ್ಟು ವರ್ಷ ತೆತ್ತವರು ಹೆಂಗಸರು.

ಇಲ್ಲಿರುವ ಯುವಕರು ನಾಳೆ ಮದುವೆಯಾಗುವವರು. ಆಸ್ಪತ್ರೆಯಲ್ಲಿ ಡಾಕ್ಟರು ಆಪರೇಷನ್ ಯಾರಿಗೆ ಎಂದು ಕೇಳಿದಾಗ ಹೆಂಡತಿಯ ಕಡೆ ಕೈ ತೋರಿಸುವ ಮುನ್ನ ಒಂದು ಕ್ಷಣ ಯೋಚಿಸಿ.